ಕತ್ತರಿಸದೆ ಉಳಿಸಿದ ಮೊಳ ದಾರ

ಬಹಳ ಹಿಂದೆ, ಹೊಳೆ ಮಾತಾಡಿದರೆ ಜನ ನಿಂತು ಕೇಳುತ್ತಿದ್ದ ಕಾಲದಲ್ಲಿ, ತಿಳಿನಾಡು ಎಂಬ ಒಂದು ರಾಜ್ಯವಿತ್ತು. ಅದರ ನಡುವೆ ತಿಳಿಹೊಳೆ ಹರಿಯುತ್ತಿತ್ತು. ಅದರ ನೀರು ಎಷ್ಟು ತಿಳಿ ಎಂದರೆ, ಹರಿಗೋಲಿನಲ್ಲಿ ಕೂತು ಬಗ್ಗಿದರೆ ತಳದ ಮರಳಿನ ಮೇಲೆ ಹರಿಗೋಲಿನ ನೆರಳು ಕಾಣುತ್ತಿತ್ತು. ನೋಡುವವರಿಗೆ ಅದು ಚಂದ, ಗಾಳ ಹಾಕುವವರಿಗೆ ಗೋಳು. ಮೀನು ಮನುಷ್ಯರಿಗೆ ಕಾಣುತ್ತಿದ್ದ ಹಾಗೆಯೇ ಮನುಷ್ಯರ ದಾರವೂ ಮೀನಿಗೆ ಕಾಣುತ್ತಿತ್ತು.

ಆ ಹೊಳೆಯ ದಡದಲ್ಲಿ ಮುದ್ದಯ್ಯ ಎಂಬ ಅಂಬಿಗನೂ ಅವನ ತಮ್ಮ ಚೆಲುವನೂ ಇದ್ದರು. ಅಪ್ಪ ಅಮ್ಮ ಹೋದ ಮೇಲೆ ತಮ್ಮನನ್ನು ಎತ್ತಿ ಆಡಿಸಿದವನು, ಉಣ್ಣಿಸಿದವನು, ಬೈದವನು ಎಲ್ಲ ಮುದ್ದಯ್ಯನೇ. ಹಗಲು ಹರಿಗೋಲು ಹಾಕುತ್ತಿದ್ದ, ಸಂಜೆ ಗಾಳ ಹಾಕುತ್ತಿದ್ದ. ಅವನಿಗೆ ಎರಡು ಪದ್ಧತಿಗಳಿದ್ದವು. ಹರಿಗೋಲು ದಡ ಮುಟ್ಟಿದಾಗ ಎಲ್ಲರೂ ಇಳಿದು, ಅವರ ಗಂಟುಮೂಟೆ ಇಳಿದು, ಕೊನೆಗೆ ಅವನು ಇಳಿಯುತ್ತಿದ್ದ. ಇದು ತಿಳಿನಾಡಿನ ಅಂಬಿಗರೆಲ್ಲರ ಕಟ್ಟಳೆ. ಎರಡನೆಯದು ಅವನದೇ. ಪ್ರತಿ ದೊಡ್ಡ ಮೀನು ಬಿದ್ದ ಮೇಲೆ ದಾರದ ತುದಿಯನ್ನು ತುಟಿಗಳ ನಡುವೆ ಇಟ್ಟು ಮೆಲ್ಲಗೆ ಎಳೆಯುತ್ತಿದ್ದ. ಎಲ್ಲಿಯಾದರೂ ಉಜ್ಜಿ ಒರಟಾದ ತರಿ ತಾಗಿತೋ, ಅಲ್ಲಿಂದ ಕೆಳಗಿನ ಮೊಳ ದಾರವನ್ನು ಹಲ್ಲಿನಿಂದ ಕಚ್ಚಿ ಎಸೆದು, ಗಾಳದ ಕೊಕ್ಕೆಯನ್ನು ಹೊಸದಾಗಿ ಕಟ್ಟುತ್ತಿದ್ದ.

ಚೆಲುವನಿಗೆ ಇದನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು.

"ಅಣ್ಣಾ, ಇನ್ನೂ ಗಟ್ಟಿ ಐತಲ್ಲ! ಸುಮ್ನೆ ಯಾಕೆ ಎಸೀತೀಯ?"

"ಕಣ್ಣಿಗೆ ಗಟ್ಟಿ ಕಾಣ್ತದೆ ಕಣ್ಲಾ. ಕಲ್ಲಿಗೆ ಉಜ್ಜಿರ್ತದೆ, ಮೀನಿನ ಹಲ್ಲಿಗೆ ಉಜ್ಜಿರ್ತದೆ. ತುಟಿಗೆ ಕೇಳು, ಅದು ಹೇಳ್ತದೆ."

"ನಿನ್ನ ತುಟಿ ಮಾತು ಕೇಳಿದ್ರೆ ಮನೇಲಿ ದಾರವೇ ಉಳಿಯಲ್ಲ."

ಮುದ್ದಯ್ಯ ನಗುತ್ತಿದ್ದ. ಅವನು ಎಸೆದ ತುಂಡುಗಳನ್ನು ಚೆಲುವ ಮರಳಿನಿಂದ ಆರಿಸಿ, ಒಂದು ಚೀಲದಲ್ಲಿ ತುಂಬಿಡುತ್ತಿದ್ದ. ಯಾವತ್ತೋ ಬೇಕಾಗುತ್ತದೆ ಎಂದು ಅವನ ಲೆಕ್ಕ. ಆ ಚೀಲ ತಲೆದಿಂಬಿನಷ್ಟು ಉಬ್ಬಿತ್ತು, ಒಂದು ದಿನವೂ ಬೇಕಾಗಿರಲಿಲ್ಲ.

ಹೀಗಿರುವಾಗ ಜಲಕಂಠನೆಂಬ ಮಾಂತ್ರಿಕ ಅರಮನೆಗೆ ಬಂದ. ಅವನ ಗಡ್ಡದಿಂದ ಸದಾ ನೀರು ತೊಟ್ಟಿಕ್ಕುತ್ತಿತ್ತು.

"ರಾಜಾ, ನನಗೆ ನಿನ್ನ ಹೊಳೆ ಬೇಕು," ಎಂದ.

"ಹೊಳೆ ನನ್ನದಲ್ಲ ಸ್ವಾಮಿ. ಕುಡಿಯುವವರದು. ನನ್ನದಲ್ಲದ್ದನ್ನು ಹೇಗೆ ಕೊಡಲಿ?" ಎಂದ ರಾಜ.

"ಕೊಡದಿದ್ದರೆ ತೆಗೆದುಕೊಳ್ಳುತ್ತೇನೆ," ಎಂದು ಮಾಂತ್ರಿಕ ನೇರವಾಗಿ ಹೊಳೆಗೆ ಹೋಗಿ ತನ್ನ ಕೋಲನ್ನು ನೀರಿಗೆ ಅದ್ದಿದ. ಆ ಗಳಿಗೆಯಲ್ಲಿ ಹೊಳೆಯ ನಡುವೆ ಒಂದೇ ಹರಿಗೋಲು ಇತ್ತು. ಅದರಲ್ಲಿ ತವರಿನಿಂದ ಮರಳುತ್ತಿದ್ದ ರಾಣಿ ಹೇಮಲೇಖೆ, ಅವಳ ಪುಟ್ಟ ಮಗಳು, ಮತ್ತು ಹುಟ್ಟು ಹಿಡಿದ ಮುದ್ದಯ್ಯ ಇದ್ದರು. ಕೋಲು ನೀರಿಗೆ ತಾಗಿದ್ದೇ ಹರಿಗೋಲು ಖಾಲಿಯಾಯಿತು. ಮೂರು ಮೀನುಗಳು ಹೊಳೆಯ ನಡುವಿನ ಗಾಜಿನ ಮಡು ಎಂಬ ಮಡುವಿನ ಆಳಕ್ಕೆ ಇಳಿದುಹೋದವು. ಮಾಂತ್ರಿಕನೂ ಅವುಗಳ ಹಿಂದೆಯೇ ಇಳಿದು ತಳದ ಗುಹೆಯಲ್ಲಿ ಕೂತ. ಅಂದಿನಿಂದ ಹೊಳೆಗೆ ಕಾಲಿಟ್ಟವರನ್ನು, ಕೊಡ ಅದ್ದಿದವರನ್ನು ನೀರೇ ಹಿಡಿದು ಹೊರಗೆ ಎಸೆಯುತ್ತಿತ್ತು. ಹೊಳೆಯ ಪಕ್ಕದಲ್ಲೇ ಜನ ಬಾಯಾರಿ ಸಾಯುವ ಹಾಗಾಯಿತು.

ಚೆಲುವ ಇದನ್ನೆಲ್ಲ ದಡದಿಂದ ನೋಡಿದ. ಅವನ ಕೈಯಲ್ಲಿ ಆಗತಾನೇ ಆರಿಸಿದ ದಾರದ ತುಂಡಿತ್ತು.

ಅವನು ಅತ್ತ. ಆಮೇಲೆ ಕಣ್ಣೊರೆಸಿಕೊಂಡು, ಮನೆಯಲ್ಲಿದ್ದ ಸೆಣಬಿನ ದಾರಕ್ಕೆ ಕೊಕ್ಕೆ ಕಟ್ಟಿ, ಮಡುವಿನ ಮೇಲಿನ ಬಂಡೆಗೆ ಹೋಗಿ ಗಾಳ ಬಿಟ್ಟ. ಸೆಣಬು ತಿಳಿನೀರಿನಲ್ಲಿ ಹಾವಿನಷ್ಟು ದಪ್ಪ ಕಾಣಿಸಿತು. ತಳದಿಂದ ಒಂದು ಏಡಿ ಎದ್ದು ಬಂತು. ಅದರ ಮೈ ಕಬ್ಬಿಣದ್ದು, ಕೊಂಡಿಗಳು ಇಕ್ಕಳದಂತಿದ್ದವು. ಅದು ಮಾಂತ್ರಿಕನ ಕಾವಲುಗಾರ.

"ಕಂಡದ್ದನ್ನೆಲ್ಲ ಕತ್ತರಿಸುವೆ, ಕಾಣದ್ದನ್ನು ಬಿಟ್ಟುಬಿಡುವೆ," ಎಂದು ಏಡಿ ಹಾಡಿತು. ಕಟಕ್ ಎಂದು ದಾರ ಕತ್ತರಿಸಿತು.

ಚೆಲುವ ರಾಜನ ಬಳಿಗೆ ಓಡಿದ. ರಾಜ ತನ್ನ ಪಟ್ಟೆಗಾರನನ್ನು ಕರೆಸಿ ರೇಷ್ಮೆಯ ದಾರ ಹೊಸೆಸಿದ. ಕೂದಲಿನಷ್ಟು ಸಣ್ಣ, ಆನೆಯನ್ನು ಕಟ್ಟುವಷ್ಟು ಗಟ್ಟಿ. ಚೆಲುವ ಅದನ್ನು ನೀರಿಗೆ ಬಿಟ್ಟ. ರೇಷ್ಮೆ ಬಿಸಿಲಿಗೆ ಮಿನುಗಿತು, ನೀರು ಕುಡಿದು ಉಬ್ಬಿತು, ತಳಕ್ಕೆ ಇಳಿಯದೆ ಮೇಲೆಯೇ ತೇಲಾಡಿತು.

"ಕಂಡದ್ದನ್ನೆಲ್ಲ ಕತ್ತರಿಸುವೆ, ಕಾಣದ್ದನ್ನು ಬಿಟ್ಟುಬಿಡುವೆ," ಎಂದು ಏಡಿ ಮತ್ತೆ ಹಾಡಿತು. ಕಟಕ್.

ಚೆಲುವ ಪಟ್ಟೆಗಾರನನ್ನು ಕೇಳಿದ, "ಕಾಣದ ದಾರ ಹೊಸೆಯೋಕೆ ಬರ್ತದಾ ಯಜಮಾನ್ರೇ?"

ಪಟ್ಟೆಗಾರ ತಲೆಯಾಡಿಸಿದ. "ಹೊಸೆಯೋರು ಯಾರೂ ಇಲ್ಲಪ್ಪ. ಕಲ್ಲಿಂದ ಎಳೆಯೋಳು ಒಬ್ಬಳಿದ್ದಾಳೆ. ಹರಳುಗುಡ್ಡಕ್ಕೆ ಹೋಗು."

ಚೆಲುವ ಹರಳುಗುಡ್ಡ ಹತ್ತಿದ. ಅಲ್ಲಿ ಒಂದು ಗುಡಿಸಲಿನ ಮುಂದೆ ಹರಳಜ್ಜಿ ಎಂಬ ಮುದುಕಿ ಒಲೆ ಹಚ್ಚಿ ಕೂತಿದ್ದಳು. ಒಲೆಯ ಮೇಲಿನ ಗಡಿಗೆಯಲ್ಲಿ ಹಸಿರು ನೇರಳೆ ಬಣ್ಣದ ಹರಳುಕಲ್ಲು ಕರಗಿ ಪಾಕವಾಗಿತ್ತು. ಅವಳು ಸೌಟಿನಿಂದ ಆ ಪಾಕವನ್ನು ಎತ್ತಿ ಎಳೆದರೆ ಅದು ಎಳೆಯಾಗಿ ಬರುತ್ತಿತ್ತು. ಗಾಳಿಯಲ್ಲಿ ಕಾಣುತ್ತಿದ್ದ ಎಳೆ ಪಕ್ಕದ ನೀರಿನ ಬಾನಿಗೆ ಇಳಿದದ್ದೇ ಮಾಯವಾಗುತ್ತಿತ್ತು.

ಚೆಲುವ ಕಾಲಿಗೆ ಬಿದ್ದು ತನ್ನ ಕತೆ ಹೇಳಿದ. ಅಜ್ಜಿ ಮೂರು ಉಂಡೆಗಳನ್ನು ಅವನ ಮುಂದೆ ಇಟ್ಟಳು. ಒಂದು ದಪ್ಪ, ಒಂದು ಸಣ್ಣ, ಒಂದು ನಡುವಿನದು. ಚೆಲುವ ದಪ್ಪದಕ್ಕೆ ಕೈ ಹಾಕಿದ.

"ಯಾಕೋ, ಮನೇಲಿ ಎಮ್ಮೆ ಕಟ್ಟಬೇಕಾ?" ಎಂದಳು ಅಜ್ಜಿ. "ನೀರಿಗೆ ಬಿಟ್ಟು ನೋಡು."

ಬಿಟ್ಟ. ದಪ್ಪದ ಎಳೆ ಬಾನಿಯಲ್ಲಿ ಕಡ್ಡಿಯಂತೆ ನೆಟ್ಟಗೆ ನಿಂತಿತು, ಅಂಚು ಮಸುಕಾಗಿ ಕಂಡಿತು. ಸಣ್ಣದು ಪೂರ್ತಿ ಮಾಯವಾಯಿತು, ಆದರೆ ಅದಕ್ಕೆ ರುಬ್ಬುಗುಂಡು ಕಟ್ಟಿ ಎತ್ತಿದರೆ ಪಟ್ಟೆಂದು ಹರಿಯಿತು. ನಡುವಿನದು ಮಾಯವೂ ಆಯಿತು, ಗುಂಡನ್ನೂ ಎತ್ತಿತು.

"ತಿಳೀತಾ? ಮೀನು ನೋಡಿ, ನೀರು ನೋಡಿ ಎಳೆ ಆರಿಸಬೇಕು. ಹೆದರಿಕೆ ನೋಡಿ ಆರಿಸಬಾರದು. ಈಗ ಕೂತ್ಕೊ, ಹೇಳ್ತೀನಿ. ಇದು ಹಟಮಾರಿ ಎಳೆ. ಉಂಡೆಯಿಂದ ಬಿಚ್ಚಿದ ಕೂಡಲೇ ಸುರುಳಿ ಸುರುಳಿಯಾಗಿ ನಿಲ್ತದೆ, ಉಂಡೆಯಲ್ಲಿದ್ದದ್ದನ್ನ ಮರೆಯಲ್ಲ. ನೀರಲ್ಲಿ ನೆನೆಹಾಕಿ ಮೆಲ್ಲಗೆ ಎಳೆದು ಹಿಡಿ, ಮರೀತದೆ. ಕೊಕ್ಕೆ ಕಟ್ಟುವಾಗ ಗಂಟಿಗೆ ಎಂಜಲು ಹಚ್ಚಿ ನಿಧಾನಕ್ಕೆ ಬಿಗಿ. ಒಣಗಂಟು ಎಳೆದರೆ ಉಜ್ಜಿದ ಬಿಸಿಗೇ ಬೆಂದು ಹೋಗ್ತದೆ. ಹುಟ್ಟಿದ್ದು ಬೆಂಕೀಲಿ, ಬಿಸಿ ಕಂಡರೆ ಆಗಲ್ಲ. ಇನ್ನೊಂದು ಮಾತು."

"ಹೇಳಜ್ಜಿ."

"ಪ್ರತಿ ಮೀನು ಬಂದ ಮೇಲೆ ಎಳೆಯನ್ನ ತುಟಿ ಮೇಲೆ ಎಳೆದು ನೋಡು. ತರಿ ಸಿಕ್ಕರೆ ಮೊಳ ಕತ್ತರಿಸಿ ಎಸೆ. ಅಯ್ಯೋ ಅನ್ಬೇಡ."

ಚೆಲುವ ನಡುವಿನ ಉಂಡೆಯನ್ನು ಕೈಗೆತ್ತಿಕೊಂಡ. "ನಮ್ಮಣ್ಣನೂ ಹಂಗೇ ಮಾಡ್ತಿದ್ದ ಅಜ್ಜಿ."

"ಅವನಿಗೆ ಹೇಳಿಕೊಟ್ಟದ್ದು ಯಾರು ಅಂದ್ಕೊಂಡೆ?" ಎಂದಳು ಅಜ್ಜಿ. ಆಮೇಲೆ ದನಿ ತಗ್ಗಿಸಿ ಮುಂದುವರಿಸಿದಳು. "ಮಾಂತ್ರಿಕ ತನ್ನ ಮೂರು ಉಸಿರನ್ನ ಮೂರು ಮೀನಿನ ಬಾಯಲ್ಲಿ ಬಚ್ಚಿಟ್ಟಿದ್ದಾನೆ. ಮೀನು ದಡದ ಮಣ್ಣು ಮುಟ್ಟಿದರೆ ಮನುಷ್ಯ ಆಗ್ತದೆ, ಅವನ ಉಸಿರು ಹೊರಬೀಳ್ತದೆ. ಎಳೆ ಸಡಿಲ ಬಿಡಬೇಡ, ಮೀನು ದಡಕ್ಕೆ ಬರೋವರೆಗೆ ಬಾಯಿ ಮುಚ್ಚಿರಲಿ. ನೀರ ಮೇಲೆ ಬಾಯಿಬಿಟ್ಟರೂ ಉಸಿರು ಹೋಗ್ತದೆ. ಆದರೆ ಕೊನೇ ಉಸಿರು ಹಾಗೆ ಹೋದರೆ ಮಾಂತ್ರಿಕ ಸಾಯ್ತಾನೆ, ಆ ಮೀನು ಮಾತ್ರ ಮೀನಾಗಿಯೇ ಉಳೀತದೆ. ಆಮೇಲೆ ಮಣ್ಣು ಮುಟ್ಟಿದರೂ ಮಂತ್ರ ಬಿಡಲ್ಲ, ಬಿಡಿಸೋಕೆ ಯಾರೂ ಇರಲ್ಲ."

"ಎಳೆ ಸಾಲ್ತದಾ ಅಜ್ಜಿ?"

"ಗುಡ್ಡದ ಹರಳು ಮುಗೀತು. ಈ ಎಳೆಯದು ಇದೇ ಕೊನೇ ಉಂಡೆ. ಆದರೆ ಮಡುವಿನ ಆಳ ನನಗೆ ಗೊತ್ತು ಮಗಾ. ಕತ್ತರಿಸಿ ಎಸೆಯೋದನ್ನೂ ಸೇರಿಸಿಯೇ ಎಳೆದಿದ್ದೀನಿ."

ಚೆಲುವ ತಲೆಯಾಡಿಸಿದ. ಇದೇ ಕೊನೆಯ ಉಂಡೆ ಎಂಬ ಮಾತು ಅವನ ಕಿವಿಯಲ್ಲಿ ಉಳಿಯಿತು. ಅದರ ಮುಂದಿನದು ಉಳಿಯಲಿಲ್ಲ. ಈ ಕತೆ ಹೇಳುವಾಗ ಪ್ರತಿ ಸಲ ಇಲ್ಲಿ ನನಗೆ ಅವನ ಕಿವಿ ಹಿಂಡಬೇಕು ಅನ್ನಿಸುತ್ತದೆ.

ಅವನು ಮರಳಿ ಬಂದಾಗ ರಾಜನೂ ಊರವರೂ ಮಡುವಿನ ದಡದಲ್ಲಿ ಸೇರಿದ್ದರು. ಮೀನಾದವರಿಗೆ ತಾವು ಯಾರೆಂಬುದು ಮರೆತುಹೋಗಿತ್ತು, ನಾಲಿಗೆಯ ರುಚಿ ಮಾತ್ರ ಮರೆತಿರಲಿಲ್ಲ. ಅದಕ್ಕೆಂದು ಮೂವರಿಗೂ ಇಷ್ಟವಾದ ತಿಂಡಿ ತಂದಿದ್ದರು. ಚೆಲುವ ಎಳೆಯನ್ನು ನೆನೆಹಾಕಿ ಎಳೆದು ಹಿಡಿದ. ಸುರುಳಿ ಬಿಟ್ಟಿತು. ಗಂಟಿಗೆ ಎಂಜಲು ಹಚ್ಚಿ ಬಿಗಿದ. ಕೊಕ್ಕೆಗೆ ಕೊಬ್ಬರಿ ಮಿಠಾಯಿ ಸಿಕ್ಕಿಸಿ ನೀರಿಗೆ ಬಿಟ್ಟ.

ಎಳೆ ಮಾಯವಾಯಿತು. ಮಿಠಾಯಿ ತನ್ನಷ್ಟಕ್ಕೆ ತಾನೇ ಕೆಳಗೆ ಇಳಿಯುತ್ತಿರುವಂತೆ ಕಂಡಿತು. ಕಬ್ಬಿಣದ ಏಡಿ ಎದ್ದು ಬಂದು ಅತ್ತ ನೋಡಿತು, ಇತ್ತ ನೋಡಿತು.

"ಕಂಡದ್ದನ್ನೆಲ್ಲ ಕತ್ತರಿಸುವೆ, ಕಾಣದ್ದನ್ನು ಬಿಟ್ಟುಬಿಡುವೆ," ಎಂದು ಹಾಡಿ, ಬರಿನೀರನ್ನು ಕತ್ತರಿಸಿ, ಬೇಸರಪಟ್ಟು ಹೋಗಿ ಮಲಗಿತು.

ಚಿನ್ನದ ಬಣ್ಣದ ಮೀನೊಂದು ಮಿಠಾಯಿ ನುಂಗಿತು. ಎಳೆ ಬಂಡೆಗಳಿಗೆ ಉಜ್ಜಿತು, ಬಿಗಿಯಿತು, ಹರಿಯಲಿಲ್ಲ. ಚೆಲುವ ಸಡಿಲ ಬಿಡದೆ ಎಳೆದು ಮೀನನ್ನು ದಡಕ್ಕೆ ಹಾಕಿದ. ಮಣ್ಣು ತಾಗಿದ್ದೇ ರಾಣಿ ಹೇಮಲೇಖೆ ಎದ್ದು ನಿಂತಳು. ಅವಳ ತುಟಿಯಲ್ಲಿ ಸಣ್ಣ ಗಾಯವಿತ್ತು. ತಳದಲ್ಲಿ ಮಾಂತ್ರಿಕ ಒಮ್ಮೆ ಕೂಗಿದ.

ಚೆಲುವ ಎಳೆಯನ್ನು ತುಟಿಗಳ ನಡುವೆ ಎಳೆದ. ತರಿ ತಾಗಿತು. ಸಂಕಟಪಡುತ್ತಲೇ ಮೊಳ ಕಚ್ಚಿ, ಕೊಕ್ಕೆ ಬಿಡಿಸಿಕೊಂಡು, ತುಂಡನ್ನು ಎಸೆದ. ಎಸೆದ ಮೇಲೆ ಅದು ಎಲ್ಲಿ ಬಿತ್ತೆಂದು ನೋಡಿಟ್ಟುಕೊಂಡ. ಅಭ್ಯಾಸ ಹೋಗಿರಲಿಲ್ಲ.

ಎರಡನೆಯ ಸಲ ಬೆಲ್ಲದ ಉಂಡೆ ಸಿಕ್ಕಿಸಿದ. ಪುಟ್ಟ ಬೆಳ್ಳಿ ಮೀನೊಂದು ಬಂದು ಬೆಲ್ಲದ ಹತ್ತಿರ ಹಿಂದೆ ಮುಂದೆ ನೋಡುತ್ತ ನಿಂತಿತು. ಆಗ ಆಳದಿಂದ ದೊಡ್ಡ ಕಪ್ಪು ಮೀನು ಬಂದು, ತನ್ನ ಮೂತಿಯಿಂದ ಆ ಪುಟ್ಟ ಮೀನನ್ನು ಕೊಕ್ಕೆಯ ಕಡೆಗೆ ಮೆಲ್ಲಗೆ ನೂಕಿತು. ಪುಟ್ಟ ಮೀನು ಬೆಲ್ಲ ನುಂಗಿತು, ಬಂಡೆಯಿಂದ ಬಂಡೆಗೆ ಓಡಾಡಿ ಎಳೆಯನ್ನು ಸುತ್ತಿಸಿತು, ಕೊನೆಗೆ ದಡಕ್ಕೆ ಬಂತು. ರಾಜಕುಮಾರಿ ಅಳುತ್ತ ಅಮ್ಮನ ಸೀರೆಯಲ್ಲಿ ಮುಖ ಮುಚ್ಚಿಕೊಂಡಳು. ತಳದಲ್ಲಿ ಮಾಂತ್ರಿಕ ಇನ್ನೊಮ್ಮೆ ಕೂಗಿದ.

ನಗಾರಿ ಬಾರಿಸಿದರು. ಜನ ಕುಣಿದರು. ರಾಜ ಹೆಂಡತಿ ಮಗಳನ್ನು ತಬ್ಬಿಕೊಂಡು, "ಚೆಲುವಾ, ನಡಿ ಅರಮನೆಗೆ. ನಿನಗೆ ಏನು ಬೇಕು ಕೇಳು," ಎಂದ. ಎಲ್ಲರೂ ಹೊರಟೇಬಿಟ್ಟಿದ್ದರು.

"ಮಹಾಪ್ರಭು, ಅಂಬಿಗ ಇನ್ನೂ ಇಳಿದಿಲ್ಲ," ಎಂದ ಚೆಲುವ.

ನಗಾರಿ ನಿಂತಿತು. ರಾಜ ನಾಚಿ ತಲೆ ತಗ್ಗಿಸಿದ. ರಾಣಿ ತುಟಿಯ ಗಾಯ ಮುಟ್ಟಿಕೊಂಡು, "ಹೌದು, ನನ್ನನ್ನೂ ಯಾರೋ ಹಿಂದಿನಿಂದ ನೂಕಿದರು," ಎಂದಳು. ಎಲ್ಲರೂ ಬಂದು ಕೂತರು.

ಚೆಲುವ ಎಳೆಯನ್ನು ತುಟಿಗಳ ನಡುವೆ ಎಳೆದ. ತರಿ ತಾಗಿತು. ಮೊದಲ ಸಲಕ್ಕಿಂತ ಜೋರಾಗಿಯೇ ತಾಗಿತು. ಅವನು ಅದನ್ನು ಹಲ್ಲುಗಳ ನಡುವೆ ಹಿಡಿದ. ಹಿಡಿದು, ಮಡುವಿನ ಕಡೆ ನೋಡಿದ. ಅಣ್ಣ ಎಲ್ಲರಿಗಿಂತ ಆಳದಲ್ಲಿದ್ದಾನೆ. ಇದು ಕೊನೆಯ ಉಂಡೆ. ಮೊಳ ಹೋದರೆ ತಳ ಮುಟ್ಟದಿದ್ದರೆ? ಬೆರಳಿನಿಂದ ಮುಟ್ಟಿ ನೋಡಿದ, ಗಟ್ಟಿಯಿದೆ ಅನ್ನಿಸಿತು. ಕಣ್ಣಿಗೆ ಹಿಡಿದು ನೋಡಿದ, ಏನೂ ಕಾಣಲಿಲ್ಲ. ಹಲ್ಲು ಸಡಿಲಿಸಿದ. ಅವಸರವೇನೂ ಇರಲಿಲ್ಲ, ಯಾರೂ ಅವನನ್ನು ದಬ್ಬುತ್ತಿರಲಿಲ್ಲ. ಒಂದು ಮೊಳ ದಾರದ ಆಸೆ, ಅಷ್ಟೇ. ತುಟಿ ಹೇಳಿತು, ಅವನು ಕೇಳಲಿಲ್ಲ.

ಕೊಕ್ಕೆಗೆ ಮುದ್ದೆಯ ಗಡಿಗೆಯ ತಳಕ್ಕೆ ಹತ್ತಿದ ಸೀಕು ಸಿಕ್ಕಿಸಿದ. ಅಣ್ಣ ತಮ್ಮ ದಿನವೂ ಕಿತ್ತಾಡಿ ತಿನ್ನುತ್ತಿದ್ದ ಸೀಕು ಅದು. ಎಳೆ ಇಳಿಯಿತು, ಇಳಿಯಿತು, ತಳ ಮುಟ್ಟಿತು. ಕಪ್ಪು ಮೀನು ಬಂದು ಒಂದೇ ಸಲಕ್ಕೆ ನುಂಗಿತು.

ಎರಡು ಉಸಿರು ಕಳೆದುಕೊಂಡ ಮಾಂತ್ರಿಕ ಈಗ ಗುಹೆ ಬಿಟ್ಟು ಎದ್ದ. ಇಡೀ ಹೊಳೆಯನ್ನು ಮೈಗೆ ಸುತ್ತಿಕೊಂಡು ದಡದ ಕಡೆಗೆ ಏರಿದ. "ದಡದಲ್ಲಿದ್ದವರೆಲ್ಲ ಮೀನಾಗಲಿ! ಒಂದು ಉಸಿರು ಸಾಕು ನನಗೆ!" ಎಂದು ಕೋಲೆತ್ತಿದ. ನೀರು ಚೆಲುವನ ಮೊಣಕಾಲಿಗೆ ಬಂತು. ರಾಜಕುಮಾರಿಯ ಸೊಂಟಕ್ಕೆ ಬಂತು.

"ಅಣ್ಣಾ, ಬಾರೋ! ಬೇಗ ಬಾರೋ!" ಎಂದು ಚೆಲುವ ಎಳೆದ.

ಕಪ್ಪು ಮೀನು ಬರುತ್ತಿತ್ತು. ಬರುತ್ತ ಬರುತ್ತ, ದಡ ಎರಡು ಮಾರು ಇರುವಾಗ, ಎಳೆ ಅದರ ತುಟಿಯ ಮೇಲೆ ಜಾರಿತು. ಮೀನು ತಟ್ಟನೆ ನಿಂತಿತು. ಅದಕ್ಕೆ ತನ್ನ ಹೆಸರು ನೆನಪಿರಲಿಲ್ಲ, ತಮ್ಮನ ಹೆಸರೂ ನೆನಪಿರಲಿಲ್ಲ. ಆದರೆ ಆ ತರಿ ಏನೆಂದು ಅದರ ತುಟಿಗೆ ಗೊತ್ತಿತ್ತು. ಈ ಎಳೆ ದಡದವರೆಗೆ ತಾಳುವುದಿಲ್ಲ ಎಂದು ತುಟಿ ಹೇಳಿತು. ತನ್ನ ತುಟಿಯ ಮಾತನ್ನು ಮುದ್ದಯ್ಯ ಯಾವತ್ತೂ ತೆಗೆದುಹಾಕಿದ್ದಿಲ್ಲ.

ಮೀನು ತಲೆಯೆತ್ತಿ ದಡದ ಮೇಲಿನ ಜನರನ್ನು ನೋಡಿತು. ಆಮೇಲೆ ತನ್ನ ಮೈಯ ಬಲವನ್ನೆಲ್ಲ ಸೇರಿಸಿ ಆಕಾಶಕ್ಕೆ ಹಾರಿ, ಬಾಯಿ ಅಗಲವಾಗಿ ತೆರೆಯಿತು.

ಎಳೆ ಹರಿಯಿತು. ಮಾಂತ್ರಿಕನ ಕೊನೆಯ ಉಸಿರು ಗಾಳಿಗೆ ಹೋಯಿತು. ಅವನ ಕೋಲು ಜೊಂಡಾಯಿತು, ಅವನು ನೊರೆಯಾದ, ನೊರೆ ಒಡೆದುಹೋಯಿತು. ಕಬ್ಬಿಣದ ಏಡಿ ತುಕ್ಕು ಹಿಡಿದು ಉದುರಿತು. ನೀರು ಹಿಂದಕ್ಕೆ ಸರಿಯಿತು. ಕಪ್ಪು ಮೀನು ಮಡುವಿಗೆ ಮರಳಿ ಬಿದ್ದು ಆಳಕ್ಕೆ ಹೋಯಿತು.

ಚೆಲುವನ ಕೈಯಲ್ಲಿ ಕೊಕ್ಕೆಯಿಲ್ಲದ ಎಳೆ ಇತ್ತು. ಅವನು ಅದರ ತುದಿಯನ್ನು ನೋಡಿದ. ತರಿ ತಾಗಿದ್ದ ಜಾಗದಲ್ಲೇ ಹರಿದಿತ್ತು. ಬಂಡೆಯ ಮೇಲೆ ಎಳೆಯ ಉಂಡೆಯಿತ್ತು, ಅದರಲ್ಲಿ ಇನ್ನೂ ಬಿಚ್ಚದ ಸುತ್ತುಗಳು ಹಾಗೆಯೇ ಇದ್ದವು. ಒಂದಲ್ಲ, ಹತ್ತು ಮೊಳ ಕತ್ತರಿಸಿದ್ದರೂ ಎಳೆ ತಳ ಮುಟ್ಟುತ್ತಿತ್ತು. ಅಜ್ಜಿ ಹೇಳಿದ ಕೊನೆಯ ಮಾತು ಅವನಿಗೆ ಆಗ ನೆನಪಾಯಿತು. ಅವನು ಆ ಉಂಡೆಯನ್ನು ಎದೆಗೆ ಒತ್ತಿಕೊಂಡು ಕೂತುಬಿಟ್ಟ. ರಾಜ ಬಂದು ಭುಜ ಮುಟ್ಟಿದರೂ ಏಳಲಿಲ್ಲ, ರಾಣಿ ಬಂದು ಕರೆದರೂ ಏಳಲಿಲ್ಲ.

ತಿಳಿನಾಡಿಗೆ ಮತ್ತೆ ನೀರು ಬಂತು. ಜನ ಕುಡಿದರು, ಮಿಂದರು, ಬೆಳೆ ಬೆಳೆದರು. ರಾಜಕುಮಾರಿ ದೊಡ್ಡವಳಾಗಿ ರಾಜ್ಯ ಆಳಿದಳು, ಒಳ್ಳೆಯದಾಗಿಯೇ ಆಳಿದಳು. ಗಾಜಿನ ಮಡುವಿಗೆ ಬಲೆಯಾಗಲಿ ಗಾಳವಾಗಲಿ ಹಾಕಬಾರದೆಂದು ಅವಳು ಕಟ್ಟಳೆ ಮಾಡಿದಳು. ಎಲ್ಲರೂ ಸುಖವಾಗಿದ್ದರು. ಇಂಥ ಕತೆಯಲ್ಲಿ ಎಲ್ಲರೂ ಎಂದರೆ ಒಬ್ಬಿಬ್ಬರನ್ನು ಬಿಟ್ಟು ಎಂದೇ ಅರ್ಥ, ಅದನ್ನು ನಾವು ಹೇಳುವುದಿಲ್ಲ ಅಷ್ಟೇ.

ಚೆಲುವ ತಲೆದಿಂಬಿನಷ್ಟು ಉಬ್ಬಿದ್ದ ಚೀಲವನ್ನು ಒಲೆಗೆ ಹಾಕಿದ. ಅಣ್ಣನ ಹರಿಗೋಲನ್ನು ತಾನು ನಡೆಸಿದ. ಎಲ್ಲರೂ ಇಳಿದ ಮೇಲೆ ಇಳಿಯುತ್ತಿದ್ದ. ಸಂಜೆಯಾದರೆ ಉಳಿದ ಹರಳೆಳೆಯನ್ನು ತೆಗೆದುಕೊಂಡು ಬಂಡೆಯ ಮೇಲೆ ಕೂತು, ಕೊಕ್ಕೆ ಕಟ್ಟದೆ, ತುದಿಗೆ ಒಂದು ಚೂರು ಸೀಕು ಅಂಟಿಸಿ ನೀರಿಗೆ ಬಿಡುತ್ತಿದ್ದ. ಕಪ್ಪು ಮೀನು ಬರುತ್ತಿತ್ತು. ಸೀಕು ತಿಂದು, ಎಳೆಯನ್ನು ತುಟಿಗಳ ನಡುವೆ ಇಟ್ಟು ಮೆಲ್ಲಗೆ ಜಾರುತ್ತ ಹೋಗುತ್ತಿತ್ತು. ಒಂದೊಂದು ಸಂಜೆ ಎಲ್ಲಿಯಾದರೂ ತರಿ ತಾಗಿದರೆ, ಅಲ್ಲಿಂದ ಕೆಳಗಿನ ಮೊಳವನ್ನು ಕಚ್ಚಿ ಎಸೆದು ಹೊರಟುಹೋಗುತ್ತಿತ್ತು.

"ಕತ್ತರಿಸಣ್ಣಾ, ಕತ್ತರಿಸು," ಎನ್ನುತ್ತಿದ್ದ ಚೆಲುವ. ಅವನಿಗೆ ಅಳು ಬರುತ್ತಿತ್ತು.

ಗುಡ್ಡದಲ್ಲಿ ಹರಳು ಮುಗಿದಿತ್ತು, ಹೊಸ ಎಳೆ ಎಲ್ಲಿಯೂ ಸಿಗುತ್ತಿರಲಿಲ್ಲ. ವರುಷ ಕಳೆದಂತೆ ಇದ್ದ ಎಳೆ ಮೊಳ ಮೊಳವೇ ಚಿಕ್ಕದಾಯಿತು. ಎಳೆ ಚಿಕ್ಕದಾದಂತೆ ಕಪ್ಪು ಮೀನು ತಳದಿಂದ ಮೇಲೆ, ಆಳದಿಂದ ದಡದ ಹತ್ತಿರಕ್ಕೆ ಬರಬೇಕಾಯಿತು. ಚೆಲುವನ ತಲೆ ಬೆಳ್ಳಗಾಯಿತು, ಮೀನಿನ ಬೆನ್ನಿನ ಮೇಲೂ ಬಿಳಿ ಬಂತು.

ಒಂದು ಸಂಜೆ ಎಳೆ ಮುಗಿದೇಹೋಯಿತು. ಚೆಲುವ ಬಂಡೆಯಿಂದ ಇಳಿದು ಮೊಣಕಾಲುದ್ದದ ನೀರಿನಲ್ಲಿ ಕೂತ. ಬೇರೆ ಏನೂ ಇಲ್ಲದ್ದರಿಂದ, ಬೆರಳಿನ ತುದಿಯಲ್ಲೇ ಸೀಕು ಹಿಡಿದು ನೀರಿಗೆ ಇಳಿಬಿಟ್ಟ. ಕಪ್ಪು ಮೀನು ಬಂತು. ಸೀಕು ತಿಂದಿತು. ಆಮೇಲೆ ಹಳೆಯ ಅಭ್ಯಾಸದಂತೆ ಅವನ ಬೆರಳನ್ನು ತುಟಿಗಳ ನಡುವೆ ಇಟ್ಟುಕೊಂಡು, ಉಗುರಿನಿಂದ ಬುಡದವರೆಗೆ ಮೆಲ್ಲಗೆ ಎಳೆದು ನೋಡಿತು.

ಜನ್ಮವಿಡೀ ಹುಟ್ಟು ಹಾಕಿದ ಬೆರಳು ಅದು, ತುಂಬ ತರಿಯಾಗಿತ್ತು. ಮೀನು ಕಚ್ಚಲಿಲ್ಲ. ಕತ್ತಲಾಗುವವರೆಗೂ ಹಾಗೆಯೇ ಹಿಡಿದುಕೊಂಡಿತ್ತು.